ನಮ್ಮನೆ ಉಪ್ಪಿನಕಾಯಿಗೆ ಹೆಸ್ರು ಹುಡ್ಕಿದ ಅನುಭವ

ಮೊದ್ಲ ಮೂರು ವರ್ಷ ನಮ್ಮನೆ ಬಾಟ್ಲಿ ಮೇಲೆ "ಮಲೆನಾಡು ಮಿಡಿ ಉಪ್ಪಿನಕಾಯಿ" ಅಂತಷ್ಟೇ ಇತ್ತು. ನಾವು ಶಿರಸಿ ಕಡೆಯವ್ರು, ಮಾರ್ತಿರೋದು ಮಿಡಿ ಉಪ್ಪಿನಕಾಯಿ, ಇನ್ನೆಂತ ಹೆಸ್ರು ಬೇಕು ಅಂತ ಅನ್ಕೊಂಡಿದ್ದೆ. ನೆಂಟ್ರು, ನೆಂಟ್ರ ಪಕ್ಕದ ಮನೆಯವ್ರು ಫೋನ್ ಮಾಡಿ ತರ್ಸ್ಕೊಳ್ತಿದ್ದಾಗ ಏನೂ ತೊಂದ್ರೆ ಇರ್ಲಿಲ್ಲ. ಒಂದ್ಸಲ ಬೆಂಗ್ಳೂರಿಂದ ಒಬ್ರು ಫೋನ್ ಮಾಡಿ "ಏನ್ರೀ, ನಿಮ್ಮ ಉಪ್ಪಿನಕಾಯಿ ಬೂಸ್ಟು ಬಂದಿದೆ" ಅಂದ್ರು, ನಂಗೆ ಕೈಕಾಲೇ ಆಡ್ಲಿಲ್ಲ, ಫೋಟೋ ಕಳ್ಸಿ ಅಂದೆ, ಬಂದ ಫೋಟೋ ನೋಡಿದ್ರೆ ಬಾಟ್ಲಿ ನಮ್ದಲ್ಲ. ಯಾರದೋ ಮನೇಲಿ ನಮ್ದು ರುಚಿ ನೋಡಿದ್ರಂತೆ, ಹೆಸ್ರು ನೆನಪಿಟ್ಕೊಂಡು ಮೊಬೈಲಲ್ಲಿ ಹುಡ್ಕಿದ್ರಂತೆ, ಮೇಲೆ ಬಂದಿದ್ದನ್ನ ಆರ್ಡರ್ ಮಾಡಿದ್ರಂತೆ. ಅವ್ರದ್ದೇನೂ ತಪ್ಪಿಲ್ಲ, ಅದೇ ಮೂರು ಪದ ಹಾಕೊಂಡು ಮಾರೋರು ಎಷ್ಟೋ ಜನ ಇದಾರೆ, ಅವ್ರು ಹಾಕೊಂಡಿದ್ದೂ ತಪ್ಪಲ್ಲ. ನಾನು ಹೆಸ್ರು ಅಂತ ತಿಳ್ಕೊಂಡಿದ್ದು ಹೆಸ್ರೇ ಆಗಿರ್ಲಿಲ್ಲ, ಒಳಗೇನಿದೆ ಅಂತ ಹೇಳೋ ವಿವರ ಅಷ್ಟೇ.

ಸರಿ, ಹೊಸ ಹೆಸ್ರು ಹುಡ್ಕಕ್ಕೆ ಕೂತೆ. ಬಾಯಿಗೆ ಮೊದ್ಲು ಬಂದಿದ್ದು "ಮಿಡಿ" ಅಂತ ಚುಟುಕಾಗಿ ಇಡೋಣ ಅಂತ. ಕನ್ನಡದಲ್ಲಿ ಟೈಪ್ ಮಾಡಿದ್ರೆ ಮಾವಿನಮಿಡಿ ಬರತ್ತೆ, ಆದ್ರೆ ನಮ್ಮ ಜನ ಕನ್ನಡ ಪದನೂ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯೋದು ಜಾಸ್ತಿ, ಹಾಗೆ ಹೊಡೆದ್ರೆ ಮೊಣಕಾಲು ಮುಚ್ಚೋ ಮಿಡಿ ಡ್ರೆಸ್ಸು, ಅದು ಬಿಟ್ರೆ ಸಂಗೀತದ ಕೀಬೋರ್ಡನ್ನ ಕಂಪ್ಯೂಟರಿಗೆ ಜೋಡ್ಸೋ ಮಿಡಿ, ಅದು 1983ರಿಂದ ಇರೋ ಸ್ಟಾಂಡರ್ಡು. ಆಮೇಲೆ "ಅಪ್ಪೆ" ನೋಡ್ದೆ, ನಾವು ಮಿಡಿ ಕೊಯ್ಯೋ ಪರಿಮಳದ ಕಾಡುಮಾವು ಅದು. ಮರಾಠಿಯವ್ರಿಗೆ ಅಪ್ಪೆ ಅಂದ್ರೆ ನಮ್ಮ ಪಡ್ಡು, ಹಾಗಾಗಿ ಪುಟ ತುಂಬಾ ಪಡ್ಡು, ಪಡ್ಡಿನ ತವೆ. ನಂಗೆ ತುಂಬಾ ಇಷ್ಟ ಆಗಿದ್ದು "ಸೊನೆ". ಮಿಡಿನ ತೊಟ್ಟಿನ ಸಮೇತ ಕೊಯ್ಯೋದೇ ಸೊನೆ ಉಳೀಲಿ ಅಂತ, ಅಪ್ಪೆಯ ಪರಿಮಳ ಇರೋದೇ ಅದ್ರಲ್ಲಿ, ಒಂದು ಮಿಡಿ ತೊಟ್ಟು ಮುರಿದು ಮೂಗಿಗೆ ಹಿಡಿದ್ರೆ ಗೊತ್ತಾಗತ್ತೆ. ಆದ್ರೆ ಇಂಗ್ಲಿಷ್ ಅಕ್ಷರದಲ್ಲಿ ಅದು ಹಿಂದಿಯ ಸೋನೆ ಆಗೋಗತ್ತೆ, ಚಿನ್ನದ ರೇಟು ಬರತ್ತೆ. ಆ ಹೆಸ್ರು ಬಿಡಕ್ಕೆ ಎರಡು ದಿನ ಬೇಕಾಯ್ತು.

ನನ್ನ ಭಾವನ ಮಗ ಸಾಫ್ಟ್‌ವೇರಲ್ಲಿ ಇದಾನೆ, ಅವ್ನು ಹೇಳ್ದ, ಚಿಕ್ಕಮ್ಮ ಇದು ನಿಮ್ಮೊಬ್ರ ಕಷ್ಟ ಅಲ್ಲ, ಗೂಗಲ್‌ನವ್ರೇ 2009ರಲ್ಲಿ ಹೊರಗೆ ತಂದ ಪ್ರೋಗ್ರಾಮಿಂಗ್ ಭಾಷೆಗೆ "ಗೋ" ಅಂತ ಹೆಸ್ರಿಟ್ರು, ಆ ಎರಡಕ್ಷರ ಹುಡ್ಕಿದ್ರೆ ಏನೇನೋ ಬರತ್ತೆ, ಅದಕ್ಕೇ ಜನ ಈಗ್ಲೂ "ಗೋಲ್ಯಾಂಗ್" ಅಂತ ಟೈಪ್ ಮಾಡ್ತಾರೆ ಅಂತ. ಹುಡುಕಾಟದ ಯಂತ್ರ ಮಾಡಿದವ್ರಿಗೇ ಹೀಗಾದ್ರೆ ನಮ್ದೇನು ಅಂತ ಸ್ವಲ್ಪ ಧೈರ್ಯ ಬಂತು. ಕ್ಯಾಮೆರಾ ಕಂಪ್ನಿ ಕೋಡಾಕ್ ಥರ ಅರ್ಥವೇ ಇಲ್ದಿರೋ ಪದ ಹುಟ್ಸಿ ಅಂತನೂ ಅವ್ನು ಹೇಳ್ದ, 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಹಾಗೇ ಮಾಡಿದ್ದಂತೆ. ಆದ್ರೆ ಉಪ್ಪಿನಕಾಯಿಗೆ ಅರ್ಥ ಇಲ್ಲದ ಹೆಸ್ರಿಡಕ್ಕೆ ನಂಗೆ ಮನಸ್ಸು ಒಪ್ಲಿಲ್ಲ.

ದಾರಿ ತೋರ್ಸಿದ್ದು ಅತ್ತೆ. ಕೊಟ್ಟಿಗೆ ಕೆಲ್ಸ ಮುಗ್ಸಿ ಬಂದವ್ರು ನಾನು ಬರೆದಿಟ್ಟ ಪಟ್ಟಿ ನೋಡಿ, "ಕೂಸೇ, ಬರೀ ಅಪ್ಪೆ ಅಂದ್ರೆ ಯಾವ ಅಪ್ಪೆ ಅಂತ ಕೇಳ್ತ್ರಲೇ" ಅಂದ್ರು. ಅದು ನಂಗೆ ಹೊಳೆದೇ ಇರ್ಲಿಲ್ಲ! ನಮ್ಮ ಕಡೆ ಅಪ್ಪೆ ಮರಕ್ಕೆ ಹೆಸ್ರಿಡೋ ಕ್ರಮ ಹಾಗೇ ಅಲ್ವ, ಅನಂತಭಟ್ಟನ ಅಪ್ಪೆ, ದೊಂಬೆಸರ ಜೀರಿಗೆ ಅಂತ, ಯಾರ ಮರ, ಎಲ್ಲಿಯ ಮರ ಅನ್ನೋದು ಹೆಸ್ರಲ್ಲೇ ಇರತ್ತೆ. ಒಂದೊಂದು ಮರದ ಪರಿಮಳ, ಹುಳಿ, ಬಾಳಿಕೆ ಎಲ್ಲ ಬೇರೆ ಬೇರೆ, ಕಸಿ ಕಟ್ಟೋ ಕಡ್ಡಿ ಕೇಳಕ್ಕೆ ಹೋದವ್ನಿಗೆ ಬೇರೆ ಮರದ್ದು ಸಿಕ್ಕಿದ್ರೆ ಅವ್ನ ವರ್ಷಗಟ್ಟಲೆ ಶ್ರಮ ಹಾಳು. ಇಂಟರ್ನೆಟ್ಟೂ ಕೇಳೋದು ಅದನ್ನೇ, ಯಾವ ಅಪ್ಪೆ ಅಂತ.

ನಾವು ಜಾಸ್ತಿ ಮಿಡಿ ಕೊಯ್ಯೋ ಮರ ಇರೋದು ತೋಟದ ಕೆಳಗಿನ ಹಳ್ಳದ ಸಂಕದ ಹತ್ರ, ಎರಡು ಅಡಿಕೆ ಮರ ಉರುಳ್ಸಿ ಮಾಡಿದ ಕಾಲುಸೇತುವೆ ಅದು. ಮನೇಲಿ ಎಲ್ಲ ಆ ಮರನ ಸಂಕದಪ್ಪೆ ಅಂತ್ಲೇ ಕರೆಯೋದು. ಹೆಸ್ರು ಮನೇಲೇ ಇತ್ತು.

ಆದ್ರೂ ಪರೀಕ್ಷೆ ಮಾಡ್ದೆ ಇಡ್ಲಿಲ್ಲ. ಮೊಬೈಲಲ್ಲಿ ಇನ್‌ಕಾಗ್ನಿಟೋ ತೆಗೆದು ಹುಡ್ಕಿದೆ, ಯಾಕಂದ್ರೆ ಮಾಮೂಲಿ ಹುಡ್ಕಿದ್ರೆ ನಾವು ಹಿಂದೆ ನೋಡಿದ್ದನ್ನೇ ಮೇಲೆ ತೋರ್ಸೋ ಸಾಧ್ಯತೆ ಇರತ್ತೆ. ಡಬಲ್ ಕೋಟ್ ಒಳಗೆ ಹಾಕಿ ಹುಡ್ಕಿದೆ, ಕನ್ನಡದಲ್ಲೂ ಇಂಗ್ಲಿಷಲ್ಲೂ. ಬರೀ "ಸಂಕ" ಅಂದ್ರೆ ಅಮೆರಿಕದ ಕೆಫೀನ್ ತೆಗೆದ ಕಾಫಿ ಪುಡಿ ಬರತ್ತೆ, ಅದೊಂದು ಹಳೇ ಬ್ರ್ಯಾಂಡ್ ಅಂತೆ, ಕೂಡ್ಸಿ ಬರೆದ್ರೆ ಯಾರದ್ದೂ ಬರ್ಲಿಲ್ಲ. ಆಮೇಲೆ ಫೋನ್ ಪರೀಕ್ಷೆ. ಹತ್ತು ಜನಕ್ಕೆ ಫೋನ್ ಮಾಡಿ ಹೆಸ್ರು ಒಂದೇ ಸಲ ಹೇಳಿ, ಕೇಳ್ಸಿದ ಹಾಗೆ ಟೈಪ್ ಮಾಡಿ ವಾಟ್ಸಾಪ್ ಮಾಡಿ ಅಂದೆ. ಆರು ಜನ ಒಂದೇ ಥರ ಬರೆದ್ರು, ಇಬ್ರು "ಡಿ" ಆದ್ಮೇಲೆ "ಹೆಚ್" ಸೇರ್ಸಿದ್ರು, ಒಬ್ರು ಮಧ್ಯ ಜಾಗ ಬಿಟ್ಟು ಎರಡು ಪದ ಮಾಡಿದ್ರು, ಇನ್ನೊಬ್ರು ಶಂಕರ ಅಂದ್ಕೊಂಡು ಶ ಹಾಕಿದ್ರು. ಮೊಬೈಲಿಗೆ ಬಾಯಲ್ಲಿ ಹೇಳಿದ್ರೆ ಅದು "ಸಂಕದಪ್ಪ" ಅಂತ ಬರೆಯಿತು. ಇಂಥ ತಪ್ಪನ್ನ ತಡೆಯಕ್ಕಾಗಲ್ಲ, ನಮ್ಮ ಭಾಷೆನ ಇಂಗ್ಲಿಷಲ್ಲಿ ಬರೆಯಕ್ಕೆ ಒಂದೇ ಕ್ರಮ ಅಂತ ಇಲ್ವಲ್ಲ. ಅದಕ್ಕೆ ನಮ್ಮ ಪೇಜಲ್ಲಿ ಈ ಎಲ್ಲ ಬರಹನೂ ಒಂದ್ಕಡೆ ಹಾಕ್ದೆ, ಡೊಮೈನು "ಹೆಚ್" ಇಲ್ಲದ್ದು, ಇರೋದು ಎರಡೂ ತಗೊಂಡೆ.

ಟ್ರೇಡ್‌ಮಾರ್ಕ್ ವಿಷ್ಯ ಮಾತ್ರ ಯಾರೂ ಕಡೆಗೆ ಇಟ್ಕೋಬೇಡಿ, ಲೇಬಲ್ ಪ್ರಿಂಟ್ ಮಾಡ್ಸೋಕೆ ಮುಂಚೆನೇ ನೋಡಿ. ಸರ್ಕಾರದ ಟ್ರೇಡ್‌ಮಾರ್ಕ್ ಆಫೀಸಿನ ಐಪಿ ಇಂಡಿಯಾ ಸೈಟಲ್ಲಿ ದುಡ್ಡಿಲ್ದೆ ಹುಡ್ಕಬೋದು, ಅಕ್ಷರ ಮಾತ್ರ ಅಲ್ಲ, ಉಚ್ಚಾರ ಹೋಲೋ ಹೆಸ್ರು ಹುಡ್ಕೋ ಆಯ್ಕೆನೂ ಇದೆ, ಅದನ್ನ ಬಿಡ್ಬೇಡಿ. ಸರಕನ್ನ ಅಲ್ಲಿ ಕ್ಲಾಸು ಅಂತ ವಿಂಗಡ್ಸಿರ್ತಾರೆ, ಉಪ್ಪಿನಕಾಯಿ 29ನೇ ಕ್ಲಾಸು, ಮಸಾಲೆ ಪುಡಿ 30. ನಾನು ಸ್ವಂತ ಹೆಸ್ರಲ್ಲಿ ಆನ್‌ಲೈನ್ ಅರ್ಜಿ ಹಾಕಿದ್ದಕ್ಕೆ ಒಂದು ಕ್ಲಾಸಿಗೆ 4,500 ರೂಪಾಯಿ ಆಯ್ತು. 1999ರ ಕಾಯ್ದೆ ಪ್ರಕಾರ ಸರಕನ್ನ ಬರೀ ವಿವರ್ಸೋ ಪದ ಸುಲಭಕ್ಕೆ ರಿಜಿಸ್ಟರ್ ಆಗಲ್ಲ, ಅಂದ್ರೆ ನನ್ನ ಹಳೇ ಹೆಸ್ರಿಗೆ ಅರ್ಜಿ ಹಾಕಿದ್ರೂ ದುಡ್ಡು ದಂಡವೇ. ವಕೀಲ್ರು ಇನ್ನೊಂದು ಮಾತು ಹೇಳಿದ್ರು, ಅಪ್ಪೆಮಿಡಿಗೆ ಜಿಐ ಟ್ಯಾಗ್ ಇದೆ, ಅಂದ್ರೆ ಇಂಥ ಊರಿನ ಬೆಳೆ ಅನ್ನೋ ಭೌಗೋಳಿಕ ಗುರುತು, ಅದು ಈ ಭಾಗದ ಬೆಳೆಗಾರರೆಲ್ಲರದ್ದು, "ಅಪ್ಪೆ" ಅನ್ನೋದು ನಂದು ಅಂತ ಹೇಳೋ ಹಾಗಿಲ್ಲ, ಇಡೀ ಪದ ಸಿಕ್ಕಿದ್ರೆ ಸಿಕ್ತು ಅಂತ. ನಂಗೂ ಅದೇ ನ್ಯಾಯ ಅನ್ಸತ್ತೆ, ಅಜ್ಜ ಮುತ್ತಜ್ಜಂದಿರ ಪದನ ಯಾರೂ ಬೇಲಿ ಹಾಕಿ ಕಟ್ಕೋಬಾರ್ದು.

ಅರ್ಜಿ ಇನ್ನೂ ಆಫೀಸಲ್ಲಿದೆ. ಅವ್ರ ಟ್ರೇಡ್‌ಮಾರ್ಕ್ ಜರ್ನಲಲ್ಲಿ ಬಂದ್ಮೇಲೆ ನಾಕು ತಿಂಗ್ಳು ಯಾರಾದ್ರೂ ತಕರಾರು ಹಾಕ್ಬೋದು, ರಿಜಿಸ್ಟರ್ ಆದ್ರೆ ಹತ್ತು ವರ್ಷ, ಆಮೇಲೆ ರಿನ್ಯೂ. ಅಲ್ಲೀತನ್ಕ ಹೆಸ್ರಿನ ಪಕ್ಕ ಟಿಎಂ ಅಂತ ಹಾಕ್ಬೋದು, ವೃತ್ತದೊಳಗಿನ ಆರ್ ಹಾಕೋ ಹಾಗಿಲ್ಲ. ಪ್ರೆಸ್ಸಿನ ಹುಡ್ಗ ಚಂದ ಕಾಣತ್ತೆ ಅಂತ ಆರ್ ಹಾಕೇ ಬಿಟ್ಟಿದ್ದ, ಪ್ರೂಫ್ ನೋಡಿದ್ದಕ್ಕೆ ಉಳ್ಕೊಂಡ್ವಿ, ಅದ್ರಲ್ಲಿ ಸಂಕದ ಒಂದ್ಕಡೆ ಅಪ್ಪೆ ಇನ್ನೊಂದ್ಕಡೆನೂ ಆಗಿತ್ತು, ಕೂಡ್ಸಿ ಬರೀಪ್ಪ ಅಂತ ವಾಪಸ್ ಕಳ್ಸಿದೀನಿ.

ಈ ವರ್ಷದ ಮಿಡಿ ಭರಣಿಯ ಉಪ್ಪಲ್ಲಿ ಚಿರುಟ್ತಾ ಇದೆ, ಖಾರ ಕಡೆಯೋ ಹೊತ್ತಿಗೆ ಲೇಬಲ್ ಬರ್ಬೇಕು.