ಉಪ್ಪು ಬೆವರುವ ಊರಿನಲ್ಲಿ ಸಿಗಾರ್ ಪೆಟ್ಟಿಗೆ

ಶಾರ್ಜಾದಲ್ಲಿ ಕೆಲಸದಲ್ಲಿರುವ ಭಾವ ನಾಲ್ಕು ವರ್ಷದ ಹಿಂದೆ ರಜೆ ಮುಗಿಸಿ ಮೇ ತಿಂಗಳ ಕೊನೆಗೆ ಹೊರಡುವಾಗ ಒಂದು ಮರದ ಪೆಟ್ಟಿಗೆಯನ್ನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಲ್ಲಿ ಬಿಟ್ಟುಹೋದರು. ಒಳಗೆ ಇಪ್ಪತ್ತಮೂರು ಸಿಗಾರ್, ಮುಚ್ಚಳಕ್ಕೆ ಅಂಟಿಸಿದ ಮುಳ್ಳಿನ ತೇವಮಾಪಕ, ಅಂಗೈ ಅಗಲದ ಸ್ಪಂಜಿನ ಡಬ್ಬಿ, ಒಂದು ಕೈಪಿಡಿ. ಇಂಥ ಪೆಟ್ಟಿಗೆಗೆ ಹ್ಯುಮಿಡಾರ್ ಎನ್ನುತ್ತಾರಂತೆ. "ಸ್ಪಂಜಿಗೆ ಆಗಾಗ ನೀರು ಹಾಕಿದರಾಯಿತು ಭಾವ, ಬೇರೆ ಎಂತದೂ ಇಲ್ಲ" ಎಂದಿದ್ದರು. ಹಾಕಿದೆ. ಕೈಪಿಡಿಯಲ್ಲಿ ಬರೆದಂತೆ ವಾರಕ್ಕೊಮ್ಮೆ ತಪ್ಪದೆ ಹಾಕಿದೆ. ಜೂನ್ ಮೂರನೇ ವಾರ ವಿಡಿಯೋ ಕಾಲ್‌ನಲ್ಲಿ ಮುಚ್ಚಳ ತೆರೆದು ತೋರಿಸಿದರೆ ಆ ಕಡೆಯಿಂದ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಎಂತ ಭಾವ, ಇದಕ್ಕೆ ಗಡ್ಡ ಬಂದಿದೆಯಲ್ಲ!"

ನಿಜಕ್ಕೂ ಗಡ್ಡವೇ. ಹಸಿರು ಮಿಶ್ರಿತ ನೀಲಿ ಬಣ್ಣದ, ಹತ್ತಿಯಂಥ ಬೂಸ್ಟು. ಹದಿನಾಲ್ಕು ಸಿಗಾರ್ ತೆಂಗಿನ ಬುಡಕ್ಕೆ ಹೋದವು.

ಕೈಪಿಡಿ ಸುಳ್ಳು ಬರೆದಿರಲಿಲ್ಲ. ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಹಾಕಿ ಗಾಳಿಯೆಲ್ಲ ಒಣಗಿ ಹೋಗುವ ದೇಶದವರಿಗೆ ಬರೆದದ್ದು ಅದು. ಅಲ್ಲಿ ಪೆಟ್ಟಿಗೆಗೆ ತೇವ ಕೊಡಬೇಕು. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಬೆಲ್ಟು, ಚಪ್ಪಲಿ, ಮದುವೆ ಆಲ್ಬಮ್ಮಿಗೂ ಬೂಸ್ಟು ಬರುವ ಊರಿದು. ಇಲ್ಲಿ ಪೆಟ್ಟಿಗೆಯ ಕೆಲಸ ತೇವವನ್ನು ಹೊರಗೆ ನಿಲ್ಲಿಸುವುದು. ಗಲ್ಫಿನಿಂದ ಬಂದ ಇಂಥ ಪೆಟ್ಟಿಗೆಗಳು ಈಗ ಕುಂಬಳೆ, ಉಪ್ಪಳ ಕಡೆಯ ಮನೆಗಳಲ್ಲೂ ಕಾಣುತ್ತವೆ. ಅವುಗಳ ಕಾವಲಿಗೆ ಕೂತವರಿಗಾಗಿ ಈ ಲೇಖನ. ಅಂದಹಾಗೆ ನಾನು ಸೇದುವವನಲ್ಲ.

ಎಷ್ಟು ತೇವ ಬೇಕು

ಒಂದು ಹದದ ಬಿಸಿಯಲ್ಲಿ ಗಾಳಿ ಹಿಡಿದಿಡಬಲ್ಲ ನೀರಾವಿ ನೂರು ಪಾಲು ಎಂದುಕೊಂಡರೆ, ಸದ್ಯ ಅದರಲ್ಲಿ ಎಷ್ಟು ಪಾಲು ಇದೆ ಎಂಬ ಲೆಕ್ಕವೇ ಸಾಪೇಕ್ಷ ಆರ್ದ್ರತೆ. ಸಿಗಾರಿಗೆ ಇದು ಶೇ 65ರಿಂದ 72ರ ನಡುವೆ ಇರಬೇಕು. ಕಡಿಮೆಯಾದರೆ ಹೊರಹೊದಿಕೆಯ ಎಲೆ ಬಿರಿಯುತ್ತದೆ, ಹೊಗೆ ಬಿಸಿಯಾಗಿ ನಾಲಿಗೆ ಸುಡುತ್ತದೆ. ಹೆಚ್ಚಾದರೆ ಎಲೆ ಉಬ್ಬಿ ಎಳೆದರೆ ಹೊಗೆ ಬರುವುದಿಲ್ಲ, ಒಂದು ಪಕ್ಕ ಮಾತ್ರ ಉರಿದು ಆರಿಹೋಗುತ್ತದೆ.

ಇದನ್ನು ನಮ್ಮಲ್ಲಿ ಬೀಡಿ ಕಟ್ಟುವ ಮನೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಲೆಯನ್ನು ನೀರಲ್ಲಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮಾತ್ರ ಅದು ಕತ್ತರಿಗೂ ಬೆರಳಿಗೂ ಬಗ್ಗುತ್ತದೆ. ಕಟ್ಟಿದ ಬೀಡಿಯನ್ನು ಕಾಯಿಸದಿದ್ದರೆ ಮಳೆಗಾಲದಲ್ಲಿ ಅದಕ್ಕೆ ಬೆಂಕಿ ಹತ್ತುವುದಿಲ್ಲ. ಬೀಡಿಗೆ ಬೇಕಾದ್ದು ಒಣಗು. ಸಿಗಾರ್ ಮಾತ್ರ ಕೊನೆಯವರೆಗೂ ನಡುವಿನಲ್ಲೇ ನಿಲ್ಲಬೇಕು.

ಸಾಮಾನ್ಯವಾಗಿ ಎಲ್ಲರೂ ಹೇಳುವುದು ಶೇ 70. ಆದರೆ ಅದರ ಜೊತೆಗೆ 18ರಿಂದ 21 ಡಿಗ್ರಿ ಸೆಲ್ಸಿಯಸ್ ಎಂಬ ಇನ್ನೊಂದು ಮಾತೂ ಇದೆ. ನಮ್ಮ ಮನೆಯೊಳಗೆ ಎ.ಸಿ. ಇಲ್ಲದೆ ಆ ಬಿಸಿ ಇರುವುದು ಯಾವ ತಿಂಗಳಲ್ಲಿ ಹೇಳಿ? 28, 30 ಡಿಗ್ರಿಯಲ್ಲಿ ಶೇ 70 ಎಂದರೆ ಬೂಸ್ಟಿಗೂ ಹುಳಕ್ಕೂ ಎಲೆ ಹಾಕಿ ಬಡಿಸಿದ ಹಾಗೆ. ಹಾಗಾಗಿ ಕರಾವಳಿಯ ಮನೆಗೆ ನನ್ನ ಲೆಕ್ಕ ಶೇ 62ರಿಂದ 65.

ಮೊದಲು ಮಾಪಕವನ್ನೇ ಪರೀಕ್ಷಿಸಿ

ಮುಚ್ಚಳಕ್ಕೆ ಅಂಟಿಸಿ ಕೊಡುವ ಮುಳ್ಳಿನ ಮಾಪಕವನ್ನು ನಂಬಬೇಡಿ. ನಮ್ಮ ಪೆಟ್ಟಿಗೆಯಲ್ಲಿ ಗಡ್ಡ ಬೆಳೆಯುತ್ತಿದ್ದಾಗಲೂ ಅದು 68 ತೋರಿಸುತ್ತ ನೆಮ್ಮದಿಯಿಂದ ಇತ್ತು. ಬೆಂಕಿಪೆಟ್ಟಿಗೆ ಗಾತ್ರದ ಡಿಜಿಟಲ್ ಮಾಪಕ ಒಂದನ್ನು ತನ್ನಿ. ಅದನ್ನೂ ಕಣ್ಣುಮುಚ್ಚಿ ನಂಬದೆ ಉಪ್ಪಿನ ಪರೀಕ್ಷೆಗೆ ಕೂರಿಸಿ.

ಉಪ್ಪಿನ ಗುಣ ನಮ್ಮ ಅಡುಗೆಮನೆಗೆ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಗಲಗಲ ಎನ್ನುವ ಉಪ್ಪು ಮೊದಲ ಮಳೆ ಬಿದ್ದ ವಾರದಲ್ಲಿ ಭರಣಿಯೊಳಗೆ ಬೆವರುತ್ತದೆ, ಜುಲೈಗೆ ತಳದಲ್ಲಿ ನೀರೇ ನಿಲ್ಲುತ್ತದೆ. ಗಾಳಿಯ ತೇವ ಶೇ 75 ದಾಟಿದರೆ ಶುದ್ಧ ಉಪ್ಪು ನೀರನ್ನು ಎಳೆದುಕೊಂಡು ಕರಗತೊಡಗುತ್ತದೆ. ಹರಳುಪ್ಪಿನಲ್ಲಿ ಅಲ್ಪಸ್ವಲ್ಪ ಮೆಗ್ನೀಸಿಯಂ ಕ್ಲೋರೈಡ್ ಸೇರಿರುವುದರಿಂದ ಅದು ಇನ್ನೂ ಮೊದಲೇ ಬೆವರುತ್ತದೆ. ಇದನ್ನೇ ತಿರುಗಿಸಿ ನೋಡಿ: ಗಾಳಿಯಾಡದ ಚೀಲದೊಳಗೆ ಒದ್ದೆ ಉಪ್ಪು ಇಟ್ಟರೆ ಅದು ಅಲ್ಲಿಯ ಗಾಳಿಯನ್ನು ಸರಿಯಾಗಿ ಶೇ 75ಕ್ಕೆ ತಂದು ನಿಲ್ಲಿಸುತ್ತದೆ. 20 ಡಿಗ್ರಿ ಇರಲಿ, 30 ಡಿಗ್ರಿ ಇರಲಿ, ವ್ಯತ್ಯಾಸ ಅರ್ಧ ಅಂಕದಷ್ಟು.

ಮಾಡುವುದು ಹೀಗೆ. ಸೋಡಾ ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ. ಹನಿ ಹನಿಯಾಗಿ ನೀರು ಬಿಡಿ; ಒದ್ದೆ ಹೊಯಿಗೆಯ (ಮರಳಿನ) ಹಾಗೆ ಆಗಬೇಕು, ಮೇಲೆ ನೀರು ತೇಲಬಾರದು. ಹೆಚ್ಚಾಯಿತೋ, ಇನ್ನೊಂದು ಚಿಟಿಕೆ ಉಪ್ಪು ಹಾಕಿ. ಈ ಮುಚ್ಚಳ ಮತ್ತು ಮಾಪಕ ಎರಡನ್ನೂ ಜಿಪ್ ಚೀಲದಲ್ಲಿಟ್ಟು, ಒಂದಕ್ಕೊಂದು ತಾಗದಂತೆ ನೋಡಿ ಬಾಯಿ ಮುಚ್ಚಿ. ಎಂಟು ಗಂಟೆ ಸಾಕೆನ್ನುವವರಿದ್ದಾರೆ, ನಾನು ಒಂದು ದಿನ ಬಿಡುತ್ತೇನೆ. ಚೀಲ ತೆರೆಯದೆ ಹೊರಗಿನಿಂದಲೇ ಅಂಕಿ ಓದಿ. 75 ಇದ್ದರೆ ಮಾಪಕ ಸರಿ. 71 ಇದ್ದರೆ ಮುಂದೆ ತೋರಿಸುವುದಕ್ಕೆಲ್ಲ ನಾಲ್ಕು ಕೂಡಿಸಿಕೊಳ್ಳಿ. ಮಾಪಕದ ಬೆನ್ನಿಗೆ ಒಂದು ಚೀಟಿಯಲ್ಲಿ '+4' ಎಂದು ಬರೆದು ಅಂಟಿಸಿದರೆ ಮರೆಯುವುದಿಲ್ಲ. ಬ್ಯಾಟರಿ ಬದಲಿಸಿದಾಗಲೆಲ್ಲ ಇನ್ನೊಮ್ಮೆ ಮಾಡಿ.

ಪೆಟ್ಟಿಗೆಯ ಬಾಯಿ

ಮುಚ್ಚಳದ ಅಂಚಿನಲ್ಲಿ ಒಂದು ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ, ಮೆಲ್ಲಗೆ ಎಳೆಯಿರಿ. ಬಿಗಿ ಇದ್ದರೆ ಬಾಯಿ ಸರಿಯಾಗಿ ಕೂತಿದೆ. ನಾಲ್ಕೂ ಬದಿ ನೋಡಬೇಕು. ಸರಾಗವಾಗಿ ಜಾರಿ ಬಂದರೆ ಆ ಸಂದಿಯಲ್ಲಿ ಮಳೆಗಾಲವೇ ಒಳಗೆ ಬರುತ್ತದೆ.

ಒಳಗಿನ ಮರದ ಹೆಸರು ಸ್ಪ್ಯಾನಿಷ್ ಸೀಡರ್. ಸ್ಪೇನಿನದೂ ಅಲ್ಲ, ಸೀಡರೂ ಅಲ್ಲ. ಅಮೆರಿಕ ಖಂಡದ ಬಿಸಿ ನಾಡುಗಳ ಸೆಡ್ರೆಲಾ ಓಡೊರಾಟಾ, ನಮ್ಮ ಬೇವಿನ ಕುಟುಂಬದ್ದು. ಘಟ್ಟದ ನೋಗೆ ಮರ ಇದಕ್ಕೆ ಹತ್ತಿರದ ನೆಂಟ, ಅದರಿಂದಲೂ ಸಿಗಾರ್ ಪೆಟ್ಟಿಗೆ ಮಾಡುತ್ತಿದ್ದರು. ಈ ಮರ ತೇವವನ್ನು ಕುಡಿದು ನಿಧಾನವಾಗಿ ಬಿಡುತ್ತದೆ, ವಾಸನೆಗೆ ಹುಳ ಸ್ವಲ್ಪ ದೂರ ಇರುತ್ತದೆ.

ಹೊಸ ಪೆಟ್ಟಿಗೆಯ ಒಣ ಮರ ಸಿಗಾರಿನ ತೇವವನ್ನೇ ಕುಡಿದುಬಿಡುತ್ತದೆಂದು ಮೊದಲು ಖಾಲಿ ಪೆಟ್ಟಿಗೆಯಲ್ಲಿ ತೇವವನ್ನು ಶೇ 84ಕ್ಕೆ ನಿಲ್ಲಿಸುವ ಪೊಟ್ಟಣ (ಇದರ ವಿಷಯ ಮುಂದಿದೆ) ಇಟ್ಟು 14 ದಿನ ಹದ ಮಾಡುವ ಕ್ರಮ ಇದೆ. ಜನವರಿಯಲ್ಲಿ ಮೂಡಣ ಗಾಳಿ ಬೀಸುವಾಗ ಪೆಟ್ಟಿಗೆ ಬಂದರೆ ಹಾಗೆಯೇ ಮಾಡಿ. ಜುಲೈಯಲ್ಲಿ ಬಂದರೆ ಬೇಡ; ಮರ ಆಗಲೇ ಹೊಟ್ಟೆ ತುಂಬ ಕುಡಿದಿರುತ್ತದೆ, ಅದನ್ನು ಇಳಿಸಬೇಕು. ಎ.ಸಿ. ಕೋಣೆಯಿದ್ದರೆ ಎರಡು ದಿನ ಬಾಯಿ ತೆರೆದಿಡಿ. ಇಲ್ಲವಾದರೆ ಖಾಲಿ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟು ಮುಚ್ಚಿ, ಅಂಕಿ 60ರ ಹತ್ತಿರ ಬಂದಾಗ ಜೆಲ್ ತೆಗೆಯಿರಿ. ಸಿಗಾರ್ ಒಳಗಿರುವಾಗ ಜೆಲ್ ಬೇಡವೇ ಬೇಡ, ಅದು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದ ಜಾತಿ. ಒದ್ದೆ ಬಟ್ಟೆಯಿಂದ ಮರವನ್ನು ಒರೆಸುವ ಹಳೆಯ ಪದ್ಧತಿಯೂ ಬೇಡ, ಹಲಗೆ ಸೊಟ್ಟಗಾಗುತ್ತದೆ.

ಸ್ಪಂಜು ಬಿಡಿ, ಪೊಟ್ಟಣ ಹಿಡಿಯಿರಿ

ಸ್ಪಂಜಿಗೆ ಬರುವುದು ಒಂದೇ ಕೆಲಸ, ನೀರು ಬಿಡುವುದು. ಈಗ ಸಿಗುವ ಎರಡೂ ಕಡೆ ಕೆಲಸ ಮಾಡುವ ಪೊಟ್ಟಣಗಳು, ಬೊವೇಡಾ ಮೊದಲಾದವು, ತೇವ ಕಡಿಮೆಯಾದರೆ ಬಿಡುತ್ತವೆ, ಹೆಚ್ಚಾದರೆ ಹೀರುತ್ತವೆ. ಒಳಗಿನ ಗುಟ್ಟು ಮತ್ತದೇ ಉಪ್ಪು: ಆವಿ ಮಾತ್ರ ದಾಟಬಲ್ಲ ಪೊರೆಯೊಳಗೆ ಉಪ್ಪಿನ ದಟ್ಟ ದ್ರಾವಣ. ಅಡುಗೆ ಉಪ್ಪು 75ಕ್ಕೆ ನಿಲ್ಲಿಸಿದರೆ ಬೇರೆ ಲವಣಗಳು ಬೇರೆ ಅಂಕಿಗೆ ನಿಲ್ಲಿಸುತ್ತವೆ. 65, 69, 72 ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಇಲ್ಲಿಗೆ 65ರದ್ದನ್ನೇ ತನ್ನಿ. 60 ಗ್ರಾಮಿನ ಒಂದು ಪೊಟ್ಟಣ 25 ಸಿಗಾರಿಗೆ ಎಂಬುದು ಲೆಕ್ಕ. ಗಟ್ಟಿ ಹಲಗೆಯಂತಾದರೆ ಒಣಗಿದೆ ಎಂದರ್ಥ, ಬದಲಿಸಿ. ಮಳೆಗಾಲದಲ್ಲಿ ಉಬ್ಬಿ ನೀರಿನ ಚೀಲದಂತಾದರೆ ಪೆಟ್ಟಿಗೆಗೆ ಸಂದಿ ಇದೆ, ಪಾಪದ ಪೊಟ್ಟಣ ಇಡೀ ಪಂಚಾಯತಿನ ತೇವವನ್ನು ಹೀರಲು ಹೊರಟಿದೆ ಎಂದರ್ಥ.

ಸ್ಪಂಜನ್ನೇ ಇಟ್ಟುಕೊಳ್ಳುವವರು ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ ಇಡಿ, ಬಾವಿ ನೀರು ಹಾಕಬೇಡಿ. ಡಿಸ್ಟಿಲ್ಡ್ ನೀರೇ ಬೇಕು. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅಲ್ಲಿ ಆಸಿಡ್ ಕೂಡ ಅಂಥದ್ದೇ ಕ್ಯಾನಿನಲ್ಲಿ ಇರುತ್ತದೆ. ಚೀಟಿ ಓದಿ ತನ್ನಿ.

ಆಟಿಯ ವ್ಯವಸ್ಥೆ

ಇಷ್ಟೆಲ್ಲ ಆದ ಮೇಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರದ ಪೆಟ್ಟಿಗೆಯೊಂದನ್ನೇ ನಂಬಿ ಕೂರುವ ಧೈರ್ಯ ನನಗಿಲ್ಲ. ಮೇ ಮುಗಿಯುವ ಮೊದಲು, ಗಾಳಿ ಇನ್ನೂ ಸ್ವಲ್ಪ ಒಣಗಿರುವಾಗ, ಸಿಗಾರುಗಳನ್ನು ನಾಲ್ಕು ಕಡೆ ಕ್ಲಿಪ್ಪು, ಮುಚ್ಚಳಕ್ಕೆ ರಬ್ಬರ್ ಇರುವ ಪ್ಲಾಸ್ಟಿಕ್ ಡಬ್ಬಿಗೆ ವರ್ಗಾಯಿಸುತ್ತೇನೆ. ಹೊಸ ಡಬ್ಬಿಯಾಗಬೇಕು, ಒಮ್ಮೆ ಒಣಮೀನೋ ಹಪ್ಪಳವೋ ಇಟ್ಟದ್ದಾದರೆ ಸಿಗಾರಿಗೂ ಅದೇ ವಾಸನೆ. ಪೆಟ್ಟಿಗೆಯ ಒಳಗಿನ ಸೀಡರ್ ತಟ್ಟೆಯನ್ನು ತಳಕ್ಕೆ ಹಾಕಿ, ಮೇಲೆ ಸಿಗಾರ್, ಒಂದು ಬದಿಗೆ 65ರ ಪೊಟ್ಟಣ, ಎದುರು ಬದಿಗೆ ಮಾಪಕ. ಮುಕ್ಕಾಲು ಪಾಲಿಗಿಂತ ಹೆಚ್ಚು ತುಂಬಬಾರದು, ಗಾಳಿಗೂ ಜಾಗ ಬೇಕು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ತೆರೆದು ಗಾಳಿಯಾಡಿಸಿ ಸಿಗಾರುಗಳನ್ನು ಮೇಲೆ ಕೆಳಗೆ ಮಾಡುವುದು ಒಳ್ಳೆಯದು. ಆಟಿಯಲ್ಲಿ ಕುತೂಹಲಕ್ಕೆ ತೆರೆಯಬೇಡಿ. ತಿಂಗಳಿಗೆ ಎರಡು ಸಲ, ಮಳೆ ಬಿಟ್ಟು ಬಿಸಿಲು ಬಿದ್ದ ಮಧ್ಯಾಹ್ನ, ಒಂದು ನಿಮಿಷ ಸಾಕು. ಮೂರು ಮಳೆಗಾಲ ಈ ಡಬ್ಬಿಯಲ್ಲಿ ಅಂಕಿ 63ರಿಂದ 67ರ ಆಚೆ ಹೋಗಿಲ್ಲ. ಚಂದದ ಪೆಟ್ಟಿಗೆ ಖಾಲಿಯಾಗಿ ಶೋಕೇಸಿನಲ್ಲಿರುತ್ತದೆ, ಭಾವನಿಗೆ ಇದು ಅಷ್ಟು ಹಿಡಿಸಿಲ್ಲ.

ಡಬ್ಬಿಯನ್ನು ಪಡುವಣ ಗೋಡೆಗೆ ತಾಗಿಸಿ ಇಡಬಾರದು. ಮಳೆ ಹೊಡೆಯುವುದು ಆ ದಿಕ್ಕಿನಿಂದ, ಕೆಂಪುಕಲ್ಲಿನ ಗೋಡೆ ಅದನ್ನು ಹೀರಿ ಒಳಮೈಗೆ ತರುತ್ತದೆ. ಫ್ರಿಜ್ಜಿನ ತಲೆಯ ಮೇಲೆ ಬಿಸಿ, ಅಡುಗೆಮನೆಯಲ್ಲಿ ಆವಿ. ಮನೆಯ ನಡುವಿನ ಕೋಣೆಯ ಕಪಾಟಿನ ಕೆಳಗಿನ ಅರೆ ಒಳ್ಳೆಯ ಜಾಗ. ಎ.ಸಿ. ಕೋಣೆಯಲ್ಲಿಟ್ಟವರು ಅದನ್ನು ತಣ್ಣಗಿರುವಾಗಲೇ ಹೊರಗೆ ತಂದು ತೆರೆಯಬಾರದು. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿದರೆ 20 ಡಿಗ್ರಿಯದ್ದು 17 ಗ್ರಾಂ ಮಾತ್ರ. ಉಳಿದದ್ದು ತಣ್ಣನೆಯ ಸಿಗಾರಿನ ಮೈಮೇಲೆ ಇಬ್ಬನಿಯಾಗಿ ಕೂರುತ್ತದೆ.

ಬೂಸ್ಟು ಬಂದರೆ, ತೂತು ಕಂಡರೆ

ಹೊದಿಕೆಯ ಮೇಲೆ ಅಲ್ಲಲ್ಲಿ ಬೂಸ್ಟಿನ ಚುಕ್ಕೆ ಮಾತ್ರ ಇದ್ದರೆ ಮೆತ್ತನೆಯ ಬ್ರಶ್ಶಿನಿಂದ ಮನೆಯ ಹೊರಗೆ ಒರೆಸಿ ಬೇರೆ ಡಬ್ಬಿಯಲ್ಲಿಡಬಹುದು. ಕತ್ತರಿಸಿದ ತುದಿಯಲ್ಲಿ ಕಂಡರೆ ಒಳಗೂ ಇಳಿದಿದೆ, ಎಸೆಯುವುದೇ ಸರಿ. ಬಿಳಿ ಪುಡಿ ಕಂಡರೆ ಅದು ಹಳೆಯ ಸಿಗಾರಿನ 'ಹೂವು', ಒಳ್ಳೆಯ ಲಕ್ಷಣ ಎಂದು ಭಾವ ಹೇಳುತ್ತಾರೆ. ಈ ಊರಲ್ಲಿ ಬಿಳಿ ಕಂಡರೂ ನಾನು ಬೂಸ್ಟು ಎಂದೇ ತಿಳಿಯುತ್ತೇನೆ.

ಗುಂಡುಸೂಜಿಯಿಂದ ಚುಚ್ಚಿದಂಥ ತೂತು ಮತ್ತು ತಳದಲ್ಲಿ ಕಂದು ಹುಡಿ ಕಂಡರೆ ಅದು ತಂಬಾಕಿನ ಹುಳ, ಲ್ಯಾಸಿಯೊಡರ್ಮಾ ಸೆರಿಕಾರ್ನೆ. ಹೆಸರು ಹೊಸದಾದರೂ ಮುಖ ಪರಿಚಯದ್ದೇ: ಕೊತ್ತಂಬರಿ, ಒಣಮೆಣಸು, ಅರಸಿನದ ಡಬ್ಬಿಗಳಲ್ಲಿ ಓಡಾಡುವ ಗೂನುಬೆನ್ನಿನ ಸಣ್ಣ ಕಂದು ಹುಳವೂ ಇದೇ. ಆದ್ದರಿಂದ ಸಿಗಾರ್ ಡಬ್ಬಿ ಮಸಾಲೆಯ ಕಪಾಟಿನ ಹತ್ತಿರ ಸುಳಿಯಬಾರದು. ಮೊಟ್ಟೆ ಎಲೆಯೊಳಗೇ ಇದ್ದು ಬಿಸಿ 25 ಡಿಗ್ರಿ ದಾಟಿದರೆ ಒಡೆಯಲು ಸಮಯ ನೋಡುತ್ತಿರುತ್ತದೆ.

ಮದ್ದು ಫ್ರೀಜರ್. ತೂತು ಬಿದ್ದವನ್ನು ಎಸೆದು, ಉಳಿದ ಎಲ್ಲವನ್ನೂ ಎರಡು ಜಿಪ್ ಚೀಲಗಳಲ್ಲಿ ಒಂದರೊಳಗೊಂದು ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಒಂದು ದಿನ ಫ್ರಿಜ್ಜಿನ ಕೆಳಭಾಗದಲ್ಲಿ, ಆಮೇಲೆ ಮೂರು ದಿನ ಫ್ರೀಜರಿನಲ್ಲಿ, ಮತ್ತೆ ಒಂದು ದಿನ ಕೆಳಗೆ. ನೇರವಾಗಿ ಮೇಲೆ ಹಾಕಿದರೆ, ನೇರವಾಗಿ ಹೊರಗೆ ತಂದರೆ ಹೊದಿಕೆ ಬಿರಿಯುತ್ತದೆ. ಅಷ್ಟರಲ್ಲಿ ಡಬ್ಬಿಯನ್ನೂ ತಟ್ಟೆಯನ್ನೂ ಒಣ ಬ್ರಶ್ಶಿನಿಂದ ಮೂಲೆಮೂಲೆಗೆ ಗುಡಿಸಿ ಒಂದು ದಿನ ಬಿಸಿಲಿಗಿಡಿ. ಚೀಲವನ್ನು ಕೊನೆಗೆ ಕೋಣೆಯಲ್ಲಿ ಇಟ್ಟಾಗ ಹೊರಮೈಯಲ್ಲಿ ನೀರು ಕೂರುತ್ತದೆ. ಅದನ್ನು ಒರೆಸುತ್ತಿರಿ, ಚೀಲ ಮುಟ್ಟಿದರೆ ತಣ್ಣಗಿಲ್ಲ ಎನ್ನುವವರೆಗೂ ಬಾಯಿ ಬಿಚ್ಚಬೇಡಿ.