ಪೈಲ್ಸ್ ಆಪರೇಷನ್: ಬೆನ್ನಿಗೆ ಒಂದೇ ಎಂಎಲ್ ಅರಿವಳಿಕೆ ಸಾಕಾಗುವುದು ಹೇಗೆ?

ಪೈಲ್ಸ್, ಫಿಶರ್ (ಗುದದ ಬಿರುಕು), ಭಗಂದರದ ಆಪರೇಷನ್‌ಗೆ ಮರಗಟ್ಟಬೇಕಾದದ್ದು ಸೈಕಲ್ ಸೀಟಿಗೆ ತಾಗುವಷ್ಟು ಜಾಗ ಮಾತ್ರ. ಅದಕ್ಕಾಗಿ ಹೊಟ್ಟೆಯಿಂದ ಕೆಳಗೆಲ್ಲ ಮರಗಟ್ಟಿಸಬೇಕಿಲ್ಲ. ಔಷಧ ಸಿಸೇರಿಯನ್‌ಗೆ ಕೊಡುವ ಬುಪಿವಕೇನ್ ಆದರೂ ಪ್ರಮಾಣ ಸುಮಾರು ಅರ್ಧ: ಒಂದು ಎಂಎಲ್, ಅಂದರೆ 5 ಮಿಲಿಗ್ರಾಂ ಆಸುಪಾಸು. ಇದೇ ಸ್ಯಾಡಲ್ ಬ್ಲಾಕ್ (ಸ್ಯಾಡಲ್ ಅಂದರೆ ಸೀಟು).

ಮೊದಲ ಹೆಜ್ಜೆ ನಿಮ್ಮದು. ಲಘು ಊಟ ಮುಗಿದು ಆರು ಗಂಟೆಯಾದರೂ ಆಗಿರಬೇಕು. ಬರೀ ನೀರಾದರೆ ಎರಡು ಗಂಟೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಕೆಲವು ದಿನ ಮುಂಚೆಯೇ ಅರಿವಳಿಕೆ ತಜ್ಞರಿಗೆ ತಿಳಿಸಿ. ನೀವಾಗಿಯೇ ನಿಲ್ಲಿಸಬೇಡಿ.

ಓಟಿಯಲ್ಲಿ ಕೂರಿಸಿ, ಗದ್ದವನ್ನು ಎದೆಗೆ ಒತ್ತಿ ಬೆನ್ನು ಬಾಗಿಸಲು ಹೇಳುತ್ತಾರೆ. ಎಷ್ಟು ಚೆನ್ನಾಗಿ ಬಾಗುತ್ತೀರೋ ಮೂಳೆಗಳ ನಡುವಿನ ಸಂದು ಅಷ್ಟು ತೆರೆದುಕೊಳ್ಳುತ್ತದೆ. ಸೂಜಿ ಹೋಗುವುದು ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ, ಹಾಗಾಗಿ ಹುರಿಗೆ ಚುಚ್ಚುತ್ತದೆಂಬ ಭಯ ಬೇಡ. ಕಾಲಿಗೆ ಕರೆಂಟ್ ಹೊಡೆದಂತಾದರೆ ಕದಲದೆ ಬಾಯಲ್ಲಿ ಹೇಳಿ.

ಇಂಜೆಕ್ಷನ್ ಆದ ಕೂಡಲೇ ಮಲಗಿಸುವುದಿಲ್ಲ. ಇಡೀ ವಿಧಾನದ ಗುಟ್ಟು ಇರುವುದೇ ಇಲ್ಲಿ. ಈ ಔಷಧಕ್ಕೆ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ಸೇರಿರುವುದರಿಂದ ಅದು ಬೆನ್ನುಹುರಿಯ ಸುತ್ತಲಿನ ದ್ರವಕ್ಕಿಂತ ಭಾರ. ಐದರಿಂದ ಹತ್ತು ನಿಮಿಷ ಕೂತಿದ್ದರೆ ತಳಕ್ಕಿಳಿದು, ಗುದದ ಭಾಗಕ್ಕೆ ಹೋಗುವ ನರಗಳ ಬುಡದಲ್ಲೇ ನಿಲ್ಲುತ್ತದೆ. ಮೇಲಕ್ಕೇರದ ಕಾರಣ ಬಿಪಿ ಕುಸಿಯುವುದೂ ಕಡಿಮೆ. ಬೇಗ ಮಲಗಿದರೆ ಔಷಧ ಮೇಲಕ್ಕೆ ಹರಡಿ, ಬೇಕಾದ ಕಡೆ ಸಾಲದೇ ಹೋಗಬಹುದು. ಬೇಸರವಾದರೂ ಕೂತಿರಿ.

ನಂತರ ಮರಗಟ್ಟಿದೆಯೇ ಎಂದು ಚುಚ್ಚಿ ಪರೀಕ್ಷಿಸುತ್ತಾರೆ. ಮುಟ್ಟಿದ್ದು, ಎಳೆದದ್ದು ಗೊತ್ತಾಗಬಹುದು, ಆದರೆ ನೋವು ಇರಬಾರದು. ಇದ್ದರೆ ಸಂಕೋಚವಿಲ್ಲದೆ ಹೇಳಿ; ಬೇರೆ ದಾರಿಗಳಿವೆ.

ಆಪರೇಷನ್ ಮುಗಿದಾಗ ಕಾಲು ಆಡುತ್ತಿರುತ್ತದೆ, ಆದರೂ ಮೊದಲ ಸಲ ಒಬ್ಬರೇ ಎದ್ದು ನಡೆಯಬೇಡಿ. ಮರಗಟ್ಟಿದ್ದು ಬಿಡುವ ಮುಂಚೆಯೇ ನೋವಿನ ಮಾತ್ರೆ ಕೇಳಿ, ನೋವು ಏರಿದ ಮೇಲೆ ಹಿಡಿಯುವುದು ಕಷ್ಟ. ಈ ಆಪರೇಷನ್‌ಗಳಲ್ಲಿ ಮೂತ್ರ ಕಟ್ಟುವುದು ಸಾಮಾನ್ಯ ತೊಂದರೆ. ಡೋಸ್ ಕಡಿಮೆಯಾದಷ್ಟೂ ಅದರ ಸಾಧ್ಯತೆ ತಗ್ಗುತ್ತದೆ. ಹೊಟ್ಟೆ ಬಿಗಿದೂ ಮೂತ್ರ ಬಾರದಿದ್ದರೆ ನರ್ಸ್‌ಗೆ ಹೇಳಿ.

‘ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಸಾಯುವವರೆಗೂ ಸೊಂಟನೋವು’ ಎನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಅಷ್ಟೇ. ಗಮನ ಕೊಡಬೇಕಾದದ್ದು ತಲೆನೋವಿಗೆ: ಎದ್ದು ಕೂತಾಗ ಜೋರಾಗಿ, ಮಲಗಿದರೆ ತಗ್ಗುವಂತಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ. ಅದಕ್ಕೆ ಚಿಕಿತ್ಸೆ ಇದೆ.