ಒಲೆಯ ಮೇಲೆ ಸೂಪು, ಕೈಯಲ್ಲಿ ದಪ್ಪ ಫ್ಯಾಂಟಸಿ ಕಾದಂಬರಿ: ನನ್ನ ಅನುಭವ

ಏಳುನೂರು ಪುಟದ ಫ್ಯಾಂಟಸಿ ಕಾದಂಬರಿ ಓದೋದಕ್ಕೆ ಮನೆಗೆಲಸದ ನಡುವೆ ಪುರುಸೊತ್ತು ಎಲ್ಲಿಂದ ತರೋದು? ನನಗೆ ಅದು ಸಿಕ್ಕಿದ್ದು ಅಡುಗೆಮನೆಯಲ್ಲೇ. ಎಣ್ಣೆ ಕಮ್ಮಿ ಹಾಕಿ ಮಾಡುವ ಹಗುರ ಅಡುಗೆಯಲ್ಲಿ ಮುಕ್ಕಾಲು ಕೆಲಸವನ್ನು ನೀರು, ಹಬೆ, ಓವನ್ನಿನ ಬಿಸಿಗಾಳಿಯೇ ಮಾಡಿಬಿಡುತ್ತವೆ. ಕರಿಯುವಾಗ, ಹುರಿಯುವಾಗ ಒಲೆಯ ಮುಂದಿನಿಂದ ಅಲ್ಲಾಡುವ ಹಾಗಿಲ್ಲ. ಬೇಯಿಸುವಾಗ ಕುರ್ಚಿ ಎಳೆದುಕೊಂಡು ಕೂರಬಹುದು. ಆ ಬಿಡುವನ್ನು ಲೆಕ್ಕ ಹಾಕಿ ಹಿಡಿದರೆ ದಿನಕ್ಕೆ ನಲವತ್ತು ನಿಮಿಷ ಓದಾಗುತ್ತದೆ. ನನ್ನ ವೇಗ ಹತ್ತು ನಿಮಿಷಕ್ಕೆ ಐದು ಪುಟ. ಅಂದರೆ ದಿನಕ್ಕೆ 20 ಪುಟ, 700 ಪುಟಕ್ಕೆ 35 ದಿನ. ನಿಮ್ಮ ವೇಗ ತಿಳಿಯಬೇಕಾದರೆ ಗಡಿಯಾರ ಇಟ್ಟುಕೊಂಡು ಹತ್ತು ನಿಮಿಷ ಓದಿ, ಪುಟ ಎಣಿಸಿ. ಅಂದಾಜು ಬೇಡ, ಅಂದಾಜು ಯಾವಾಗಲೂ ಜಾಸ್ತಿಯೇ ಬರುತ್ತದೆ.

ಯಾವುದೇ ಅಡುಗೆಗೆ ಕೈ ಹಾಕುವ ಮುಂಚೆ ಒಂದು ಚೀಟಿಯಲ್ಲಿ ಎರಡು ಅಂಕಿ ಬರೆಯುತ್ತೇನೆ: ಕೈ ನಿಮಿಷ, ಒಲೆ ನಿಮಿಷ. ತೊಳೆಯುವುದು, ಹೆಚ್ಚುವುದು, ಬಾಡಿಸುವುದು ಕೈ ನಿಮಿಷ. ಮುಚ್ಚಳ ಮುಚ್ಚಿ ಬಿಟ್ಟಿದ್ದು ಒಲೆ ನಿಮಿಷ. ಬೇಳೆ ಸೂಪಿಗೆ 20 ಮತ್ತು 25. ಓವನ್ನಿನಲ್ಲಿ ಸುಟ್ಟ ತರಕಾರಿಗೆ 12 ಮತ್ತು 35. ತರಕಾರಿ ಆಮ್ಲೆಟ್ಟಿಗೆ 10 ಮತ್ತು 0, ಅದು ಓದುವ ದಿನದ ಅಡುಗೆಯೇ ಅಲ್ಲ. ಒಟ್ಟು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು ಇಲ್ಲಿ ಮುಖ್ಯವಲ್ಲ, ಒಲೆ ನಿಮಿಷ ಎಷ್ಟು ಉದ್ದವಾಗಿ ಒಂದೇ ತುಂಡಾಗಿ ಸಿಗುತ್ತದೆ ಅನ್ನುವುದು ಮುಖ್ಯ. ಐದೈದು ನಿಮಿಷದ ನಾಲ್ಕು ಚೂರುಗಳಲ್ಲಿ ಕಾದಂಬರಿ ಓದಲಾಗುವುದಿಲ್ಲ. ಹದಿನೈದು ನಿಮಿಷದ ಒಂದು ತುಂಡಿನಲ್ಲಿ ಆರಾಮಾಗಿ ಓದಬಹುದು.

ಸೂಪನ್ನೇ ಹಿಡಿದು ಹೇಳುತ್ತೇನೆ, ಮೂರು ಜನಕ್ಕೆ ಸಾಕಾಗುವಷ್ಟು. ಮಸೂರ್ ಬೇಳೆ 200 ಗ್ರಾಂ, ನೀರು 1.2 ಲೀಟರ್, ಕ್ಯಾರೆಟ್ ಎರಡು, ಮಧ್ಯಮ ಗಾತ್ರದ ಈರುಳ್ಳಿ ಒಂದು, ಬೆಳ್ಳುಳ್ಳಿ ನಾಲ್ಕು ಎಸಳು, ಉಪ್ಪು ಒಂದೂಕಾಲು ಟೀ ಚಮಚ, ಎಣ್ಣೆ ಎರಡು ಟೀ ಚಮಚ, ಅರ್ಧ ನಿಂಬೆಹಣ್ಣು. ಪಾತ್ರೆ ನಾಲ್ಕು ಲೀಟರಿನದ್ದಾದರೂ ಇರಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈರುಳ್ಳಿಯನ್ನು ಎಣ್ಣೆಯಿಲ್ಲದೆ ಬಾಡಿಸಬೇಕು. ಸಣ್ಣಗೆ ಹೆಚ್ಚಿ, ಬರಿ ಪಾತ್ರೆಗೆ ಹಾಕಿ, ಮಧ್ಯಮ ಉರಿಯಲ್ಲಿಡಿ. ಎರಡು ಮೂರು ನಿಮಿಷಕ್ಕೆ ತಳದಲ್ಲಿ ಕಂದು ಬಣ್ಣದ ಪದರ ಹಿಡಿಯುತ್ತದೆ. ಅದು ಸೀದು ಹೋದದ್ದಲ್ಲ, ಈರುಳ್ಳಿಯ ಸಕ್ಕರೆ ಕಂದಾಗುತ್ತಿರುವುದು. ಆಗ ಎರಡು ದೊಡ್ಡ ಚಮಚ ನೀರು ಹಾಕಿ ಮರದ ಸೌಟಿನಿಂದ ಕೆರೆಯಿರಿ, ಪದರವೆಲ್ಲ ಬಿಟ್ಟುಕೊಂಡು ಈರುಳ್ಳಿಗೆ ಹತ್ತುತ್ತದೆ. ನೀರು ಆರಲಿ, ಮತ್ತೆ ಪದರ ಹಿಡಿಯಲಿ, ಮತ್ತೆ ನೀರು. ಹೀಗೆ ಮೂರು ಸಲ, ಎಂಟೊಂಬತ್ತು ನಿಮಿಷ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಮ್ಮೆಗೇ ಅರ್ಧ ಲೋಟ ನೀರು ಸುರಿಯುವುದು. ನೀರು ಇರುವ ತನಕ ಪಾತ್ರೆಯೊಳಗಿನ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ, ಆ ಘಮ ಚುರುಕಾಗಿ ಬರುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್ ಮೇಲೆ. ನೀರು ಜಾಸ್ತಿಯಾದರೆ ಈರುಳ್ಳಿ ಬೇಯುತ್ತದೆ, ಬಾಡುವುದಿಲ್ಲ, ಸೂಪು ಸಪ್ಪೆಯಾಗುತ್ತದೆ. ಈ ಒಂಬತ್ತು ನಿಮಿಷ ಪುಸ್ತಕ ಮುಟ್ಟಬೇಡಿ.

ಆಮೇಲೆ ತೊಳೆದ ಬೇಳೆ, ಹೆಚ್ಚಿದ ಕ್ಯಾರೆಟ್, ನೀರು. ಕುದಿ ಬಂದ ಮೇಲಿನ ಮೊದಲ ಏಳೆಂಟು ನಿಮಿಷವೂ ಅಲ್ಲೇ ನಿಲ್ಲಬೇಕು, ಬೇಳೆಯ ಪ್ರೋಟೀನು, ಪಿಷ್ಟ ಸೇರಿ ನೊರೆ ಏಳುವ ಹೊತ್ತು ಅದು. ದೊಡ್ಡ ಪಾತ್ರೆ ಬೇಕು ಎಂದದ್ದು ಈ ನೊರೆಗೆ. ಅದನ್ನು ಸೌಟಿನಲ್ಲಿ ತೆಗೆದು, ಉರಿ ಸಣ್ಣ ಮಾಡಿ, ಮುಚ್ಚಳವನ್ನು ಒಂದು ಬೆರಳು ಸಂದು ಬಿಟ್ಟು ಮುಚ್ಚಿ. ನೊರೆ ಅಡಗಿದ ಮೇಲೆ ಕುಳಿತುಕೊಳ್ಳಿ. ಟೈಮರ್ ಎಂಟು ನಿಮಿಷಕ್ಕೆ ಇಡಿ, ಇಪ್ಪತ್ತೈದಕ್ಕಲ್ಲ. ಬೇಳೆ ಕರಗುತ್ತಾ ಬಂದಂತೆ ತಳದಲ್ಲಿ ಕೂರುತ್ತದೆ, ಗಟ್ಟಿಯಾದ ಪದರದಲ್ಲಿ ನೀರು ಮೇಲೆ ಕೆಳಗೆ ಓಡಾಡುವುದು ನಿಂತು ತಳ ಹಿಡಿಯುತ್ತದೆ. ಎಂಟು ನಿಮಿಷಕ್ಕೊಮ್ಮೆ ಎದ್ದು ತಳ ಮುಟ್ಟಿ ತಿರುವಿದರೆ ಸಾಕು. ಒಂದು ಸಲ ತಳ ಹಿಡಿದರೆ ಕೆರೆಯಲು ಹೋಗಬಾರದು. ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ, ಸೀದ ವಾಸನೆ ಹರಡುವುದಿಲ್ಲ.

ಇನ್ನು ಎಣ್ಣೆ. ಕಡಿಮೆ ಎಣ್ಣೆಯ ಅಡುಗೆ ರುಚಿಯಿಲ್ಲ ಎಂದು ಜನ ಬಿಟ್ಟುಬಿಡುವುದಕ್ಕೆ ಕಾರಣ ಎಣ್ಣೆ ಹಾಕುವ ಹೊತ್ತು. ಬೆಳ್ಳುಳ್ಳಿಯ, ಮಸಾಲೆಯ ಬಹಳಷ್ಟು ಘಮ ಎಣ್ಣೆಯಲ್ಲಿ ಕರಗುವಂಥದ್ದು. ಮೊದಲೇ ಹಾಕಿದರೆ ಅರ್ಧ ಗಂಟೆಯ ಕುದಿಯಲ್ಲಿ ಹಬೆಯ ಜೊತೆ ಹೊರಟುಹೋಗುತ್ತದೆ. ಕೊನೆಯಲ್ಲಿ ಎರಡು ಟೀ ಚಮಚ ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ತೆಳುವಾಗಿ ಸೀಳಿ ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಸೂಪಿನ ಮೇಲೆ ಒಗ್ಗರಣೆ ಮಾಡಿದರೆ ನಾಲಿಗೆಗೆ ಮೊದಲು ತಾಕುವುದೇ ಅದು. ಹೊಂಬಣ್ಣದಿಂದ ಕಹಿಗೆ ಬರೀ ಕೆಲವು ಸೆಕೆಂಡು, ಹಾಗಾಗಿ ಬಣ್ಣ ತಿರುಗುವ ಮುಂಚೆಯೇ ಉರಿ ಆರಿಸಿಬಿಡುತ್ತೇನೆ, ಎಣ್ಣೆಯ ಬಿಸಿಯೇ ಉಳಿದದ್ದನ್ನು ಮಾಡುತ್ತದೆ. ಉಪ್ಪು ಬೇಳೆ ಬೆಂದ ಮೇಲೆ, ನಿಂಬೆ ಒಲೆಯಿಂದ ಇಳಿಸಿದ ಮೇಲೆ.

ಒಂದು ಟೀ ಚಮಚ ಎಣ್ಣೆ ಸುಮಾರು 40 ಕ್ಯಾಲೊರಿ, ಒಂದು ಟೇಬಲ್ ಚಮಚ ಸುಮಾರು 120. ಕಣ್ಣಳತೆಯಲ್ಲಿ ದಿನಾ ಸುರಿಯುವ ಎಣ್ಣೆಯನ್ನು ಒಂದು ದಿನ ಬಟ್ಟಲಿಗೆ ಸುರಿದು ಅಳೆದು ನೋಡಿ. ನನ್ನ ಕೈ ಮೂರು ಟೇಬಲ್ ಚಮಚದ ಕೈ ಆಗಿತ್ತು. ಈಗ ಎಣ್ಣೆಯ ಬಾಟಲಿಯ ಕುತ್ತಿಗೆಗೇ ಟೀ ಚಮಚ ಕಟ್ಟಿಟ್ಟಿದ್ದೇನೆ. ಉಳಿದ ಯಾವ ಉಪಾಯಕ್ಕಿಂತ ಇದೇ ಹೆಚ್ಚು ಕೆಲಸ ಮಾಡಿದೆ.

ಓವನ್ ಇದ್ದವರಿಗೆ ಓದು ಇನ್ನೂ ಸುಲಭ. 600 ಗ್ರಾಂ ತರಕಾರಿಗೆ ಒಂದು ಟೇಬಲ್ ಚಮಚ ಎಣ್ಣೆ, 200 ಡಿಗ್ರಿ, 35 ನಿಮಿಷ, ಇಪ್ಪತ್ತನೇ ನಿಮಿಷಕ್ಕೆ ಒಮ್ಮೆ ಮಗುಚುವುದು. ತರಕಾರಿ ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ, ತಟ್ಟೆಯಲ್ಲಿ ಒಂದಕ್ಕೊಂದು ಅಂಟದ ಹಾಗೆ ಹರಡಿ. ಒತ್ತೊತ್ತಾಗಿ ತುಂಬಿದರೆ ತಮ್ಮದೇ ಹಬೆಯಲ್ಲಿ ಬೆಂದು ಮೆತ್ತಗಾಗುತ್ತವೆ. ಹಬೆಯಲ್ಲಿ ಬೇಯಿಸುವುದಾದರೆ ತಳದ ನೀರಿಗೆ ತೊಳೆದ ನಾಣ್ಯವೊಂದನ್ನು ಹಾಕಿಡಿ. ಕುದಿಯುವಷ್ಟು ಹೊತ್ತೂ ಕಟಕಟ ಎನ್ನುತ್ತಿರುತ್ತದೆ, ಸದ್ದು ನಿಂತರೆ ನೀರು ಮುಗಿದಿದೆ. ಕಥೆಯಲ್ಲಿ ಮುಳುಗಿದವರಿಗೂ ಆ ಮೌನ ಕೇಳಿಸುತ್ತದೆ.

ಎರಡು ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಎಣ್ಣೆ ಕಾಯುತ್ತಿರುವಾಗ ಪುಸ್ತಕ ಮುಚ್ಚಿರಬೇಕು. ಇನ್ನೊಂದು ಕೆಂಪು ರಾಜ್ಮಾ. "ಸಣ್ಣ ಉರಿಯಲ್ಲಿ ಬಿಟ್ಟು ಓದುತ್ತಾ ಕೂರೋಣ" ಎಂದು ಹಸಿ ರಾಜ್ಮಾವನ್ನು ಸ್ಲೋ ಕುಕ್ಕರಿಗೆ ಹಾಕಬೇಡಿ. ಅದರಲ್ಲಿರುವ ಫೈಟೋಹೀಮಾಗ್ಲುಟಿನಿನ್ ಎಂಬ ವಿಷಾಂಶ ಮಂದ ಬಿಸಿಗೆ ಹೋಗುವುದಿಲ್ಲ, ಅರೆಬೆಂದ ಕಾಳು ವಾಂತಿ ಭೇದಿ ತರಿಸುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬಲವಾಗಿ ಕುದಿಸಬೇಕು. ಹತ್ತು ನಿಮಿಷ ತೀರಾ ಕನಿಷ್ಠ, ನಾನು ಅರ್ಧ ಗಂಟೆ ಕುದಿಸುತ್ತೇನೆ. ಆಮೇಲೆ ಸಣ್ಣ ಉರಿಯಲ್ಲಿ ಒಂದು ಗಂಟೆ, ಅದು ಓದಿಗೆ ಹೇಳಿ ಮಾಡಿಸಿದ ಗಂಟೆ. ಟೊಮೆಟೊ, ನಿಂಬೆ ಕಾಳು ಮೆತ್ತಗಾದ ಮೇಲೆಯೇ ಹಾಕಿ, ಹುಳಿ ಬಿದ್ದರೆ ಸಿಪ್ಪೆ ಬೇಗ ಮೆತ್ತಗಾಗುವುದಿಲ್ಲ.

ಈಗ ಪುಸ್ತಕದ ಕಡೆ. ಹೊಸ ಫ್ಯಾಂಟಸಿ ಕಾದಂಬರಿಯನ್ನು ಒಲೆಯ ಪಕ್ಕ ಶುರು ಮಾಡಬೇಡಿ. ಮೊದಲ ನೂರು ಪುಟದಲ್ಲಿ ಲೇಖಕರು ಒಂದಿಡೀ ಲೋಕ ಕಟ್ಟುತ್ತಿರುತ್ತಾರೆ: ಹೆಸರುಗಳು, ರಾಜ್ಯಗಳು, ಮಂತ್ರವಿದ್ಯೆಯ ಕಟ್ಟುಪಾಡು. ಅದನ್ನು ಹದಿನೈದು ನಿಮಿಷದ ತುಂಡುಗಳಲ್ಲಿ ಓದಿದರೆ ಪ್ರತಿ ಸಲ ಹಿಂದಿನ ಪುಟಕ್ಕೇ ಹೋಗಬೇಕಾಗುತ್ತದೆ, ಐದನೇ ದಿನ ಪುಸ್ತಕ ಕಪಾಟು ಸೇರುತ್ತದೆ. ರಜೆಯ ದಿನ ಮೂರೂವರೆ ಗಂಟೆ ಎತ್ತಿಟ್ಟು, ಹಿಂದಿನ ದಿನವೇ ಸೂಪು ಮಾಡಿಟ್ಟು, ಆ ನೂರು ಪುಟವನ್ನು ಎರಡು ಬೈಠಕ್ಕಿನಲ್ಲಿ ಮುಗಿಸಿ. ಲೋಕ ತಲೆಯಲ್ಲಿ ಕೂತಮೇಲೆ ಅಡುಗೆಮನೆಯ ತುಂಡು ಓದು ಸಲೀಸು.

ಆ ಓದಿನಲ್ಲೇ ಒಂದು ಹೆಸರಿನ ಹಾಳೆ ಮಾಡಿಕೊಳ್ಳುತ್ತೇನೆ. ಎ4 ಹಾಳೆಯನ್ನು ಎರಡು ಸಲ ಮಡಚಿದರೆ ಪುಟಗುರುತೂ ಅದೇ ಆಗುತ್ತದೆ. ಪ್ರತಿ ಸಾಲಿನಲ್ಲಿ ಹೆಸರು, ಯಾರ ಕಡೆಯವರು, ಕೊನೆಗೆ ಕಂಡದ್ದು ಯಾವ ಪುಟದಲ್ಲಿ. ಇಷ್ಟೇ. ಗುಣ, ರೂಪ ಬರೆಯಲು ಹೋದರೆ ಹಾಳೆ ಎರಡೇ ದಿನಕ್ಕೆ ತುಂಬುತ್ತದೆ. ಇಂಗ್ಲಿಷ್ ಕಾದಂಬರಿಯಾದರೂ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ. ಕನ್ನಡದಲ್ಲಿ ಬರೆಯಬೇಕಾದರೆ ಉಚ್ಚಾರಣೆ ಮೊದಲು ಗಟ್ಟಿ ಮಾಡಿಕೊಳ್ಳಲೇಬೇಕು, ಉಚ್ಚರಿಸಿದ ಹೆಸರು ನೆನಪಿನಲ್ಲಿ ನಿಲ್ಲುತ್ತದೆ. ಟೋಲ್ಕೀನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಓದುವವರು ಸೌರಾನ್ ಮತ್ತು ಸಾರುಮಾನ್ ಎಂಬ ಎರಡು ಪಾತ್ರಗಳ ನಡುವೆ ಗೊಂದಲಕ್ಕೆ ಬೀಳುವುದು ಹೆಚ್ಚು. ಕೊನೆಯ ಸಂಪುಟದ ಅನುಬಂಧದಲ್ಲಿ ಉಚ್ಚಾರಣೆಯ ನಿಯಮಗಳೇ ಇವೆ: ಕಥೆಯ ಎಲ್ಫ್ ಎಂಬ ಜನಾಂಗದ ಭಾಷೆಯ ಹೆಸರುಗಳಲ್ಲಿ ಇಂಗ್ಲಿಷಿನ 'ಸಿ' ಅಕ್ಷರ ಯಾವಾಗಲೂ 'ಕ', ಹಾಗಾಗಿ ಸೆಲೆಬೋರ್ನ್ ಅಲ್ಲ, ಕೆಲೆಬೋರ್ನ್. ಸೌರಾನ್ ಹೆಸರಿನ ಮೊದಲ ಸ್ವರ ನಮ್ಮ 'ಔ'. ಕನ್ನಡದಲ್ಲಿ 'ಸೌ', 'ಸಾ' ಎಂದು ಎರಡು ಸಾಲು ಬರೆದರೆ ಗೊಂದಲ ಅಲ್ಲೇ ಮುಗಿಯಿತು.

ಅದೇ ಕೃತಿಯ ಬಗ್ಗೆ ಇನ್ನೊಂದು. 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂದರೂ ಅದು ಒಂದೇ ಕಾದಂಬರಿ. ಒಂದೊಂದು ಸಂಪುಟದ ನಡುವೆ ಆರು ತಿಂಗಳು ಬಿಟ್ಟರೆ ಎಳೆ ತಪ್ಪುತ್ತದೆ. ಸರಣಿ ಹಿಡಿಯುವ ಮುಂಚೆ ಪ್ರತಿ ಭಾಗ ತನ್ನಷ್ಟಕ್ಕೆ ಮುಗಿಯುತ್ತದೆಯೋ, ನಡುವೆ ಕಡಿಯುತ್ತದೆಯೋ ಎಂದು ತಿಳಿದುಕೊಳ್ಳಿ. ಕಡಿಯುವುದಾದರೆ ಮುಂದಿನ ಭಾಗವೂ ಕೈಯಲ್ಲಿರಲಿ.

ಪುಸ್ತಕದ ಮೊದಲಲ್ಲಿರುವ ನಕ್ಷೆಯ ನಕಲು ತೆಗೆದು ಹಾಳೆಯ ಜೊತೆ ಇಟ್ಟರೆ ಪುಟ ಹಿಂದೆ ಮುಂದೆ ಮಗುಚುವ ಕೆಲಸ ತಪ್ಪುತ್ತದೆ. ಪಾತ್ರಗಳು ಹೋದ ದಾರಿಯನ್ನು ನಕಲಿನ ಮೇಲೆ ಪೆನ್ಸಿಲಿನಲ್ಲಿ ಎಳೆಯುತ್ತಾ ಹೋಗಿ. ಹಿಂದುಗಡೆಯ ಪಾತ್ರಪರಿಚಯದ ಪಟ್ಟಿಯನ್ನು ಮಾತ್ರ ಮೊದಲೇ ನೋಡಬೇಡಿ, ಯಾರು ಸಾಯುತ್ತಾರೆ, ಯಾರು ಯಾರ ಮಗ ಎಂಬುದು ಅಲ್ಲೇ ಬಯಲಾಗಿರುತ್ತದೆ.

ಟೈಮರ್ ಕೂಗಿದಾಗ ಎಲ್ಲಿದ್ದೀರೋ ಅಲ್ಲೇ ಪುಸ್ತಕ ಮುಚ್ಚಬೇಡಿ. ಆ ಪ್ಯಾರಾ ಮುಗಿಸಿ, ಹಾಳೆಯಲ್ಲಿ ಮೂರು ಪದ ಗೀಚಿ: "ಸೇತುವೆ, ಮಳೆ, ಗಾಯ" ಎಂಬಂತೆ. ಮರಳಿ ಕೂತಾಗ ಆ ಮೂರು ಪದ ಓದಿ, ಅರ್ಧ ಪುಟ ಹಿಂದಿನಿಂದ ಶುರು ಮಾಡಿ. ಟೈಮರ್ ಕೀಲಿಯದ್ದೇ ಒಳ್ಳೆಯದು. ಫೋನಿನ ಟೈಮರ್ ಆರಿಸಲು ಹೋದ ಕೈ ಬೇರೆಲ್ಲೋ ಹೋಗಿ ಹತ್ತು ನಿಮಿಷ ಕಳೆದಿರುತ್ತದೆ. ಹೆಚ್ಚುವಾಗ ಆಡಿಯೊ ಪುಸ್ತಕ ಕೇಳುವುದಾದರೆ ಆಗಲೇ ಓದಿದ ಅಧ್ಯಾಯವನ್ನೇ ಹಾಕಿ. ಹೊಸ ಅಧ್ಯಾಯಕ್ಕೆ ಬೇಕಾದ ಗಮನ ಚಾಕುವಿಗೂ ಬೇಕು.

ಮಾಡಿಟ್ಟ ಸೂಪನ್ನು ಅಗಲವಾದ ತಗ್ಗು ಡಬ್ಬಿಗಳಲ್ಲಿ ಹರಡಿದರೆ ಬೇಗ ಆರುತ್ತದೆ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು, ಒಳಗೆ 4 ಡಿಗ್ರಿ ಅಥವಾ ಕಡಿಮೆ ಇರಬೇಕು, ಮೂರು ದಿನದೊಳಗೆ ಮುಗಿಯಬೇಕು. ಓದಿನಲ್ಲಿ ಮೈಮರೆತು ಪಾತ್ರೆಯನ್ನು ರಾತ್ರಿಯೆಲ್ಲ ಹೊರಗೆ ಬಿಟ್ಟಿದ್ದರೆ ಕುದಿಸಿ ಉಳಿಸಿಕೊಳ್ಳಲು ಹೋಗಬೇಡಿ, ಚೆಲ್ಲಿಬಿಡಿ. ಕೆಲವು ಬ್ಯಾಕ್ಟೀರಿಯಾದ ವಿಷ ಕುದಿಸಿದರೂ ಹೋಗುವುದಿಲ್ಲ.

ಕುರ್ಚಿ ಒಲೆಯಿಂದ ಎರಡು ಮಾರು ದೂರ ಇದ್ದರೆ ಪುಸ್ತಕಕ್ಕೆ ಹಬೆಯೂ ತಾಕುವುದಿಲ್ಲ, ಎಣ್ಣೆಯೂ ಸಿಡಿಯುವುದಿಲ್ಲ. ಆದರೂ ಪುಟಕ್ಕೆ ಎಣ್ಣೆ ಬಿದ್ದರೆ ಉಜ್ಜಬೇಡಿ, ಉಜ್ಜಿದಷ್ಟೂ ಹರಡುತ್ತದೆ. ಕಲೆಯ ಎರಡೂ ಬದಿಗೆ ಕಾರ್ನ್‌ಫ್ಲೋರ್ ಉದುರಿಸಿ, ಹಿಂದೆ ಮುಂದೆ ಟಿಶ್ಯೂ ಕಾಗದ ಇಟ್ಟು, ಪುಸ್ತಕ ಮುಚ್ಚಿ ಭಾರ ಹೇರಿ ಒಂದು ದಿನ ಬಿಡಿ. ಮರುದಿನ ಮೆತ್ತನೆಯ ಬ್ರಷ್ಷಿನಿಂದ ಪುಡಿ ಕೊಡವಿ. ಕಲೆ ಇನ್ನೂ ಇದ್ದರೆ ಹೊಸ ಪುಡಿ ಹಾಕಿ ಇನ್ನೊಂದು ದಿನ. ಹಸಿ ಕಲೆಯಾದರೆ ಬಹುಮಟ್ಟಿಗೆ ಹೋಗುತ್ತದೆ, ವಾರ ಬಿಟ್ಟರೆ ಕಾಗದಕ್ಕೇ ಹಿಡಿದುಬಿಡುತ್ತದೆ.